ಬೀಗರ ಅಂಗಳದಲ್ಲಿ ಗಾಡಿ ಪರೀಕ್ಷೆ

ಕಾರು ಕೊಳ್ಳುವ ಮಾತು ಮನೆಯಲ್ಲಿ ಎದ್ದ ಮೇಲೆ ನಾನು ನಿದ್ದೆಯಲ್ಲೂ ಗೇರು ಬದಲಿಸುತ್ತಿದ್ದೆ ಎಂದು ನಮ್ಮವರು ಎಲ್ಲರೆದುರು ಹೇಳುತ್ತಾರೆ. ಅಷ್ಟಿರಲಿಲ್ಲ. ಆದರೆ ರೊಟ್ಟಿ ತಟ್ಟುವಾಗ ನನ್ನ ಎಡಗಾಲು ಕ್ಲಚ್ ಒತ್ತಿದಂತೆ ನೆಲವನ್ನು ಒತ್ತುತ್ತಿದ್ದುದು ನಿಜ. ವಯಸ್ಸು ಐವತ್ತನ್ನು ಮುಟ್ಟುತ್ತಿರುವಾಗ ಲೈಸೆನ್ಸ್ ಪಡೆದವಳು ನಾನು. ಅದನ್ನು ಪರ್ಸಿನಲ್ಲಿ ಇಟ್ಟುಕೊಂಡು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವುದೆಂದರೆ ಹೊಸ ಸೀರೆಯನ್ನು ಟ್ರಂಕಿನಲ್ಲಿಟ್ಟು ಹಳೆಯದನ್ನೇ ಉಟ್ಟು ಮದುವೆಗೆ ಹೋದಂತೆ.

ನಮ್ಮ ಮನೆ ಬಬಲೇಶ್ವರದಲ್ಲಿ. ನಾನು ಗಣಿತ ಕಲಿಸುವ ಶಾಲೆ ಕಾಖಂಡಕಿಯಲ್ಲಿ. ಬಸ್ಸು ಇದೆ, ಇಲ್ಲವೆನ್ನುವಂತಿಲ್ಲ. ಆದರೆ ಹತ್ತನೆಯ ತರಗತಿಗೆ ಸಂಜೆ ಹೆಚ್ಚಿನ ಪಾಠ ತೆಗೆದುಕೊಂಡ ದಿನ ಬಸ್ಸು ನನ್ನನ್ನು ಕಾಯುವುದಿಲ್ಲ. ಕಾರು ಬಂದರೆ ಅದನ್ನು ಶಾಲೆಯ ಬೇವಿನ ಮರದ ಕೆಳಗೆ ನಿಲ್ಲಿಸಬೇಕು ಎಂದು ಜಾಗವನ್ನೂ ನೋಡಿಟ್ಟಿದ್ದೆ. ಮುಖ್ಯಗುರುಗಳ ಬೈಕು ಅಲ್ಲಿ ನಿಲ್ಲುತ್ತದೆ. ಅದನ್ನು ಸ್ವಲ್ಪ ಸರಿಸಲು ಹೇಳುವುದು ಹೇಗೆ ಎಂದೂ ಯೋಚಿಸಿದ್ದೆ.

ಆ ಹೊತ್ತಿಗೆ ಸರಿಯಾಗಿ ಟಿಕೋಟಾದ ಬೀಗರು ಫೋನು ಮಾಡಿದರು. ನನ್ನ ಒಬ್ಬಳೇ ಮಗಳನ್ನು ಆ ಮನೆಗೆ ಕೊಟ್ಟಿದ್ದೇವೆ. ದ್ರಾಕ್ಷಿ ತೋಟದ ಮನೆತನ, ತೋಟದ ಬದಿಗೆ ಒಣದ್ರಾಕ್ಷಿ ಮಾಡುವ ಶೆಡ್ಡು, ಯಾವಾಗ ಹೋದರೂ ಕೈಗೆ ಒಂದು ಬೊಗಸೆ ಒಣದ್ರಾಕ್ಷಿ ಸುರಿಯುವ ಜನ. ಬೀಗರಿಗೆ ದೊಡ್ಡ ದನಿ, ದೊಡ್ಡ ನಗೆ. ಅವರ ಮಗ ಹೊಸ ಗಾಡಿ ಬುಕ್ ಮಾಡಿದ್ದನಂತೆ. ಈಗಿರುವ ಬಿಳಿ ಕಾರನ್ನು ಹೊರಗಿನವರಿಗೆ ಏಕೆ ಕೊಡಬೇಕು, ನೀವೇ ಒಯ್ಯಿರಿ ಎಂದರು. ಎಷ್ಟಕ್ಕೆ ಎಂದು ನಾನು ಅಳುಕುತ್ತ ಕೇಳಿದೆ.

"ಬೀಗರ ನಡುವ ರೇಟ್ ಏನ್ರಿ ಅಕ್ಕೋರ. ನೀವು ತಿಳದಷ್ಟ ಕೊಡ್ರಿ," ಅಂದರು.

ಈ ಮಾತಿನಲ್ಲಿ ಎಷ್ಟು ಪ್ರೀತಿ ಇತ್ತೋ ಅಷ್ಟೇ ತೊಡಕೂ ಇತ್ತು. ಮಾರುವವನು ಒಂದು ಬೆಲೆ ಹೇಳಿದರೆ ಟಾಯರು ಸವೆದಿದೆ, ಸೀಟು ಹರಿದಿದೆ ಎಂದು ನಾವೂ ಒಂದು ಮಾತು ಹೇಳಬಹುದು. ತಿಳಿದಷ್ಟು ಕೊಡಿ ಎಂದ ಬೀಗರ ಗಾಡಿಯ ಬಾನೆಟ್ಟು ಎತ್ತಿ ಇಣುಕುವುದು ಮಾತ್ರ ಸಾಧ್ಯವಿಲ್ಲ. ಇಣುಕಿದರೆ ಅದು ಗಾಡಿಯನ್ನಲ್ಲ, ಮನೆತನವನ್ನು ಇಣುಕಿ ನೋಡಿದಂತೆ. ನಾನು ಸಂತೋಷದಿಂದ ಒಪ್ಪಿಕೊಂಡೆ. ಫೋನಿಟ್ಟ ಮೇಲೆ ಚಿಂತೆ ಹತ್ತಿತು.

ನಮ್ಮ ಶಾಲೆಯ ವಿಜ್ಞಾನದ ಶಿಕ್ಷಕಿ ಹಿಂದಿನ ವರ್ಷ ಹಳೆಯ ಕಾರು ಕೊಂಡವಳು. ಯಾರ ಗಾಡಿಯೇ ಇರಲಿ, ಪರೀಕ್ಷೆ ಮಾಡಿಸದೆ ಕೊಳ್ಳಬೇಡ ಎಂದಳು. ವಿಜಯಪುರದಲ್ಲಿ ಅದೇ ಕೆಲಸ ಮಾಡುವ ಒಬ್ಬರಿದ್ದಾರೆ, ರಿಪೇರಿ ಮಾಡುವುದಿಲ್ಲ, ಮಾರುವುದಿಲ್ಲ, ಬರೀ ನೋಡಿ ಹೇಳುತ್ತಾರೆ, ಅದಕ್ಕೇ ಶುಲ್ಕ ಎಂದು ಫೋನು ನಂಬರು ಕೊಟ್ಟಳು.

ಅವರ ಜಾಗ ಗೋಳಗುಮ್ಮಟದಿಂದ ಹೆಚ್ಚು ದೂರವಿರಲಿಲ್ಲ. ಪ್ರವಾಸಿಗರಿಗೆ ಟೋಪಿ, ತಂಪು ಕನ್ನಡಕ ಮಾರುವ ಅಂಗಡಿಗಳ ಸಾಲಿನ ಹಿಂದೆ ಒಂದು ಕೋಣೆ. ಮೋಟಾರು ಗಾಡಿಗಳ ಡಿಪ್ಲೊಮಾ ಓದಿ, ಪುಣೆಯಲ್ಲಿ ಅಪಘಾತವಾದ ಗಾಡಿಗಳ ಹಾನಿ ಅಂದಾಜು ಮಾಡುವ ಕೆಲಸ ಮಾಡಿ ಊರಿಗೆ ಮರಳಿದ ಮುಸ್ಲಿಂ ಗೃಹಸ್ಥರು. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಶರ್ಟು, ತುಂಬಾ ಮಾತು. ಮೇಜಿನ ಮೇಲೆ ತಮ್ಮ ಉಪಕರಣಗಳನ್ನು ಒಂದೊಂದಾಗಿ ಇಟ್ಟು ತೋರಿಸಿದರು. ಬಣ್ಣದ ದಪ್ಪ ಅಳೆಯುವ ಚಿಕ್ಕ ಯಂತ್ರ, ಎಂಜಿನ್ನಿನ ದೋಷ ಓದುವ ಯಂತ್ರ, ಉದ್ದ ಕೋಲಿನ ತುದಿಗೆ ಕೂಡಿಸಿದ ಕನ್ನಡಿ, ಟಾರ್ಚು. ನನಗೆ ಅವುಗಳನ್ನು ನೋಡಿಯೇ ಅರ್ಧ ಗಾಡಿ ಕೊಂಡಷ್ಟು ಖುಷಿಯಾಯಿತು. ಗಾಡಿ ಯಾರದ್ದು ಎಂದು ಕೇಳಿದರು. ಬೀಗರದ್ದು ಎಂದೆ. ಅವರು ಯಂತ್ರಗಳನ್ನು ಮತ್ತೆ ಚೀಲಕ್ಕೆ ತುಂಬತೊಡಗಿದರು.

"ದುಶ್ಮನ್ ಗಾಡಿ ನೋಡೂದು ಸಸಾರ ಐತಿ ಮೇಡಮ್. ಬೀಗರ ಗಾಡಿ ಭಾಳ ತ್ರಾಸ."

ನಾನು ಒಂದು ಉಪಾಯ ಹೇಳಿದೆ. ನೀವು ನನಗೆ ಡ್ರೈವಿಂಗ್ ಕಲಿಸಿದ ಮಾಸ್ತರು ಎಂದು ಹೇಳುತ್ತೇನೆ, ಶಿಷ್ಯೆಯ ಹೊಸ ಗಾಡಿ ನೋಡಲು ಬಂದಿದ್ದೀರಿ, ಅಷ್ಟೇ. ಅವರು ಬಹಳ ಹೊತ್ತು ಗಲ್ಲ ತುರಿಸಿಕೊಂಡರು. ಸುಳ್ಳು ಹೇಳುವುದು ತಮ್ಮ ಕೆಲಸದಲ್ಲಿಲ್ಲ, ಹೇಳುವುದಾದರೆ ನಾನೇ ಹೇಳಬೇಕು, ತಾವು ಪಕ್ಕದಲ್ಲಿ ಸುಮ್ಮನೆ ನಿಲ್ಲುವುದಷ್ಟೇ ಎಂದರು. ಆ ಷರತ್ತಿಗೆ ನಾನು ಒಪ್ಪಿದೆ.

ಬೀಗರು ಗೊತ್ತು ಮಾಡಿದ್ದು ಅಮಾವಾಸ್ಯೆಯ ದಿನ. ನಮ್ಮ ಕಡೆ ಪ್ರತಿ ಅಮಾವಾಸ್ಯೆಗೆ ಗಾಡಿಗೆ ಪೂಜೆಯಿದೆ. ಲಾರಿಯಿರಲಿ, ಟ್ರ್ಯಾಕ್ಟರ್ ಇರಲಿ, ಮೋಟರ್‌ಸೈಕಲ್ಲೇ ಇರಲಿ, ತೊಳೆದು, ಕುಂಕುಮ ಹಚ್ಚಿ, ಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಹಾಯಿಸುತ್ತಾರೆ. ಆ ಪೂಜೆ ಮುಗಿಸಿಯೇ ಗಾಡಿಯನ್ನು ನನ್ನ ಕೈಗೆ ಕೊಡುವುದು ಎಂದು ಬೀಗರ ಅಪ್ಪಣೆ. ಅಂದು ಬೆಳಿಗ್ಗೆ ನಾನು ಬಸ್ಸಿನಲ್ಲಿ ವಿಜಯಪುರಕ್ಕೆ ಹೋಗಿ, ಸಿದ್ಧೇಶ್ವರ ಗುಡಿಯ ಬಳಿಯ ಪೇಟೆಯಲ್ಲಿ ಹಣ್ಣು, ಪೇಢೆ, ಬೀಗತಿಗೆ ರವಿಕೆಗೆಂದು ಒಂದು ಕುಬಸದ ಕಣ ಕೊಂಡೆ. ಪರೀಕ್ಷಕರು ತಮ್ಮ ಕಾರು ತಂದಿದ್ದರು. ಊರು ದಾಟಿದ ಮೇಲೆ ಗಾಡಿ ನಿಲ್ಲಿಸಿ ಕೆಳಗಿಳಿದರು.

"ಇಲ್ಲಿಂದ ನೀವ ಹೊಡೀರಿ ಮೇಡಮ್. ಸುಳ್ಳಿಗೂ ಒಂದೀಟ ಬುಡ ಇರ್ಲಿ."

ಹಾಗೆ ನಾನು ಮೊದಲ ಬಾರಿ ಹೆದ್ದಾರಿಯಲ್ಲಿ ಕಾರು ನಡೆಸಿದೆ. ಬಿಸಿಲು ಇನ್ನೂ ಏರಿರಲಿಲ್ಲ. ಎರಡೂ ಕಡೆ ದ್ರಾಕ್ಷಿಯ ಚಪ್ಪರಗಳು ಹಿಂದೆ ಸರಿದವು. ಎದುರಿಗೆ ಬಂದ ಬಸ್ಸು ಹಾರ್ನು ಹೊಡೆದಾಗ ನಾನೂ ಹೊಡೆದೆ. ಅವಶ್ಯಕತೆ ಇರಲಿಲ್ಲ, ಆದರೆ ಹೊಡೆದೆ. ಪಕ್ಕದಲ್ಲಿ ಕುಳಿತವರು ಮೇಲಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದು ಟಿಕೋಟಾ ಬರುವವರೆಗೆ ಒಂದೂ ಮಾತಾಡಲಿಲ್ಲ. ಅಷ್ಟು ಮಾತಿನ ಮನುಷ್ಯ ಏಕೆ ಸುಮ್ಮನಾದರೆಂದು ಆಗ ನನಗೆ ಹೊಳೆಯಲಿಲ್ಲ.

ಮುಂದೆ ನಡೆದದ್ದನ್ನು ನಾನು ಕಂಡ ಕ್ರಮದಲ್ಲೇ ಹೇಳುತ್ತೇನೆ. ಕ್ರಮ ತಪ್ಪಿದರೆ ಅದು ಬರೀ ಗಾಬರಿಯಾಗಿ ಉಳಿಯುತ್ತದೆ.

ಬೀಗರ ಅಂಗಳ ದೊಡ್ಡದು, ಮಣ್ಣಿನದು. ಅಂದು ಬೆಳಿಗ್ಗೆಯೇ ಅದನ್ನು ಸೆಗಣಿಯಿಂದ ಸಾರಿಸಿದ್ದರು. ಅದು ಇನ್ನೂ ಹಸಿಯಾಗಿತ್ತು. ಹೊಸ್ತಿಲ ಬಳಿ ರಂಗೋಲಿ. ಅಂಗಳದ ಒಳತುದಿಯಲ್ಲಿ, ಗೋಡೆಗೆ ಬೆನ್ನು ಮಾಡಿ, ಬಿಳಿ ಕಾರು ಚೆಂಡುಹೂವಿನ ಹಾರ ಹಾಕಿಕೊಂಡು ನಿಂತಿತ್ತು. ಹೊಳೆಯುತ್ತಿತ್ತು. ಇದು ನನ್ನದು, ಇನ್ನೊಂದು ತಾಸಿಗೆ ನನ್ನದು ಎಂದುಕೊಂಡೆ. ಮಗಳು ಬಾಗಿಲಿಗೆ ಬಂದಳು. ಅವಳಿಗೆ ಆರು ತಿಂಗಳು ತುಂಬಿತ್ತು. ಮುಂದಿನ ತಿಂಗಳು ಅವಳ ಕುಬಸದ ಕಾರ್ಯ, ಅಂದರೆ ಸೀಮಂತ, ಆಮೇಲೆ ತವರಿಗೆ ಕರೆತರುವುದು, ಅದೂ ಇದೇ ಕಾರಿನಲ್ಲಿ, ನಾನೇ ನಡೆಸಿಕೊಂಡು. ಇಷ್ಟೆಲ್ಲ ನಾನು ಮನಸ್ಸಿನಲ್ಲಿ ಮುಗಿಸಿಬಿಟ್ಟಿದ್ದೆ.

ಮಾಸ್ತರರ ಪರಿಚಯ ಹೇಳಿದೆ. ಬೀಗರು ಅವರ ಕೈ ಹಿಡಿದು ಕುಲುಕಿದರು. ಅಳಿಯ ತೋಟಕ್ಕೆ ಔಷಧ ತರಲು ಸೊಲ್ಲಾಪುರಕ್ಕೆ ಹೋಗಿದ್ದ. ಪರೀಕ್ಷಕರು ಗಾಡಿಯ ಕಡೆ ಒಂದು ಹೆಜ್ಜೆ ಇಟ್ಟದ್ದೇ ತಡ, ಬೀಗರು ನಡುವೆ ಬಂದು ನಿಂತರು. ಪೂಜೆ ಆಗುವತನಕ ಯಾರೂ ಗಾಡಿಗೆ ಕೈ ಹಚ್ಚುವಂತಿಲ್ಲ ಎಂದರು. ಆಮೇಲೆ ಬೇಕಾದರೆ ಬಿಚ್ಚಿ ಮೆರವಣಿಗೆ ಮಾಡಿರಿ ಎಂದು ನಕ್ಕರು. ಪರೀಕ್ಷಕರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗಾಡಿಯ ಸುತ್ತ ಬರೀ ಕಣ್ಣಿನಿಂದ ಒಂದು ಸುತ್ತು ಬಂದರು. ಗಾಜುಗಳ ಮೂಲೆಯಲ್ಲಿ ಅಚ್ಚಾಗಿರುವ ಸಣ್ಣ ಅಕ್ಷರಗಳನ್ನು ಓದಿದರು. ಮುಂದಿನ ಗಾಜುಗಳು ಒಂದು ವರ್ಷದವು, ಹಿಂದಿನವು ಇನ್ನೊಂದು ವರ್ಷದವು ಎಂದು ನನ್ನ ಪಕ್ಕ ಬಂದು ಮೆಲ್ಲಗೆ ಹೇಳಿದರು. ಕಲ್ಲು ಬಡಿದು ಗಾಜು ಬದಲಿಸುವುದು ಇದ್ದದ್ದೇ, ಅಷ್ಟರಿಂದ ಏನೂ ಹೇಳಲಾಗದು ಎಂದೂ ಸೇರಿಸಿದರು.

ಬೀಗತಿ ಆರತಿ ಬೆಳಗಿದರು. ಕಾಯಿ ಒಡೆಯಿತು. ನಾಲ್ಕು ಗಾಲಿಗಳ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟರು. ಬೀಗರು ಒಳಗೆ ಕುಳಿತು ಗಾಡಿ ಶುರು ಮಾಡಿದರು. ಗಾಡಿ ನಿಂಬೆಹಣ್ಣುಗಳನ್ನು ಪಚಕ್ಕನೆ ತುಳಿದು, ಹಸಿ ಅಂಗಳದ ಮೇಲೆ ನೆಟ್ಟಗೆ ಸಾಗಿ, ಗೇಟಿನ ಬಳಿ ನಿಂತಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಾನು ಎಲ್ಲರಿಗಿಂತ ಜೋರಾಗಿ ತಟ್ಟಿದೆ.

ಪರೀಕ್ಷಕರು ತಟ್ಟಲಿಲ್ಲ. ಅವರು ಗಾಡಿಯನ್ನು ನೋಡುತ್ತಿರಲಿಲ್ಲ, ನೆಲವನ್ನು ನೋಡುತ್ತಿದ್ದರು. ನಾನೂ ನೋಡಿದೆ.

ಸಾರಿಸಿದ ಅಂಗಳದ ಮೇಲೆ ಟಾಯರಿನ ಗುರುತು ಹಲಗೆಯ ಮೇಲೆ ಎಳೆದ ಗೆರೆಯಂತೆ ಸ್ಪಷ್ಟವಾಗಿ ಬಿದ್ದಿತ್ತು. ಆದರೆ ಗೆರೆಗಳು ನಾಲ್ಕಿದ್ದವು. ಎಡಗಡೆ ಎರಡು, ಬಲಗಡೆ ಎರಡು. ಎರಡೂ ಕಡೆ ಹಿಂದಿನ ಗಾಲಿಯ ಗೆರೆ ಮುಂದಿನ ಗಾಲಿಯ ಗೆರೆಯ ಮೇಲೆ ಬೀಳದೆ, ಎಡಕ್ಕೆ, ಒಂದು ಅಂಗೈ ಅಗಲ ಸರಿದಿತ್ತು. ಗೋಡೆಯಿಂದ ಗೇಟಿನವರೆಗೂ ಹಾಗೆಯೇ.

"ನೆಟ್ಟಗ ಹ್ವಾದ ಗಾಡಿಗೆ ಹಿಂದಿನ ಗಾಲಿ ಮುಂದಿನ ಗಾಲಿ ಬೆನ್ನ ಹತ್ತಬೇಕು," ಎಂದು ಅವರು ನನಗಷ್ಟೇ ಕೇಳುವಂತೆ ಹೇಳಿದರು. "ಇದು ಓರಿಯಾಗಿ ನಡದೈತಿ. ಡಿಕ್ಕಿ ತೆಗಸ್ರಿ ಮೇಡಮ್, ಒಳಗ ನೋಡಬೇಕು."

ನಾನು ಬೀಗರ ಬಳಿಗೆ ಹೋದೆ. ಸ್ಟೆಪ್ನಿ ಬದಲಿಸುವುದನ್ನು ಮಾಸ್ತರರು ಈ ಗಾಡಿಯಲ್ಲಿ ಒಮ್ಮೆ ತೋರಿಸಿಕೊಡುತ್ತಾರಂತೆ, ಡಿಕ್ಕಿ ತೆಗೆಯಬಹುದೇ ಎಂದು ಕೇಳಿದೆ. ಪೂಜೆ ಮುಗಿದಿತ್ತು, ಬೀಗರು ಉದಾರವಾಗಿ ಕೈ ಬೀಸಿದರು. ಪರೀಕ್ಷಕರು ಮೊದಲು ತಮ್ಮ ಚಿಕ್ಕ ಯಂತ್ರವನ್ನು ಬಾಗಿಲುಗಳ ನಡುವಿನ ಕಂಬಕ್ಕೆ ಇಟ್ಟರು. ಮುಂದೆ ಒಂದು ಕಡೆ, ಹಿಂದೆ ಒಂದು ಕಡೆ, ಮತ್ತೆ ಕಂಬಕ್ಕೆ. ಬೀಗರು ಹತ್ತಿರ ಬಂದು ಬಗ್ಗಿ ನೋಡಿದರು.

"ಏನ್ರಿ ಮಾಸ್ತರ, ಗಾಡಿಗೆ ಜ್ವರಾ ಬಂದಾವೇನು?"

ಬಣ್ಣ ಎಷ್ಟು ದಪ್ಪ ಇದೆ ಎಂದು ನೋಡುವ ಯಂತ್ರ ಎಂದು ಪರೀಕ್ಷಕರು ನಿಜವನ್ನೇ ಹೇಳಿದರು. ಡ್ರೈವಿಂಗ್ ಕಲಿಸಲು ಬಣ್ಣದ ಗೊಡವೆ ಏಕೆ, ಈಗಿನ ಕಾಲದ ಮಾಸ್ತರರ ಸಿಲೆಬಸ್ಸೇ ಬೇರೆ ಎಂದು ಬೀಗರು ನನ್ನ ಮಗಳ ಕಡೆ ತಿರುಗಿ ನಕ್ಕು, ಚಹಾ ಇಡಲು ಹೇಳಿ ಒಳಗೆ ಹೋದರು. ಆ ಹೊತ್ತಿನಲ್ಲಿ ಪರೀಕ್ಷಕರು ಡಿಕ್ಕಿಯ ಚಾಪೆ ಎತ್ತಿದರು, ಸ್ಟೆಪ್ನಿ ತೆಗೆದರು, ಹಿಂದಿನ ಸೀಟನ್ನು ಮೇಲಕ್ಕೆ ಮಡಚಿ ಅದರ ಕೆಳಗಿನ ಚಾಪೆಯನ್ನೂ ಎಳೆದರು. ಟಾರ್ಚು ಬಿಟ್ಟು ನನ್ನನ್ನು ಕರೆದರು.

ಸೀಟಿನ ಕೆಳಗೆ, ಗಾಡಿಯ ತಳದ ತಗಡಿನ ಮೇಲೆ, ಈ ಬದಿಯಿಂದ ಆ ಬದಿಗೆ ಒಂದು ಉಬ್ಬು ಹರಿದಿತ್ತು. ಮೇಲೆ ಕಪ್ಪು ಬಣ್ಣ, ಬಣ್ಣದ ಕೆಳಗೆ ಮೇಣದಂಥ ಏನೋ ಮೆತ್ತಿದ್ದರು. ಒಂದು ಕಡೆ ಅದು ಕಿತ್ತು ವೆಲ್ಡಿಂಗಿನ ಗಂಟುಗಳು ಕಾಣುತ್ತಿದ್ದವು. ಕೆಲವು ಕಡೆ ತುಕ್ಕು. ಅವರು ಬೆರಳಿನಿಂದ ಒತ್ತಿದಾಗ ತುಕ್ಕು ಹಪ್ಪಳದಂತೆ ಮುರಿಯಿತು.

ಅವರು ಹೇಳಿದ್ದನ್ನು ನಾನು ಎರಡು ಸಲ ಹೇಳಿಸಿಕೊಂಡೆ. ಒಂದೇ ತರಹದ ಎರಡು ಕಾರುಗಳು ಎಲ್ಲೋ ಅಪಘಾತಕ್ಕೆ ಸಿಕ್ಕಿವೆ. ಒಂದರ ಹಿಂಭಾಗ ಜಜ್ಜಿಹೋಗಿದೆ, ಇನ್ನೊಂದರ ಮುಂಭಾಗ. ಯಾರೋ ಎರಡನ್ನೂ ನಡುವೆ ಕತ್ತರಿಸಿ, ಚೆನ್ನಾಗಿರುವ ಅರ್ಧಗಳನ್ನು ಕೂಡಿಸಿ ಬೆಸೆದು, ಬಣ್ಣ ಹೊಡೆದು ಮಾರಿದ್ದಾರೆ. ಕಾಗದಪತ್ರ ಒಂದರದ್ದು, ಆದ್ದರಿಂದ ಯಾರಿಗೂ ಸಂಶಯ ಬರುವುದಿಲ್ಲ.

ಗಾಡಿ ತಡೆದುಕೊಳ್ಳುತ್ತದೆಯೇ ಎಂದು ಕೇಳಿದೆ.

"ತಡದೈತಿ, ಇವತ್ತಿನತನಾ. ಒಂದು ದೊಡ್ಡ ತಗ್ಗು, ಒಂದು ಜೋರ ಬ್ರೇಕು, ಅಷ್ಟ ಸಾಕು. ಇಬ್ಭಾಗ ಆಗೂದ ಇಲ್ಲೆ." ಮಡಚಿದ ಸೀಟಿನ ಕಡೆ ಬೆರಳು ತೋರಿಸಿದರು. "ನಿಮಗ ನಾ ಬರದ ಕೊಡತೀನಿ, ತಗೋಬ್ಯಾಡ್ರಿ ಅಂತ. ಅವರಿಗೆ ಹೇಳೂದು ಬಿಡೂದು ನಿಮಗ ಬಿಟ್ಟದ್ದು ಮೇಡಮ್. ಮನಿತನ ನಿಮ್ದು."

ಬೀಗರಿಗೆ ಇದು ಗೊತ್ತಿತ್ತೇ? ಒಂದು ಕ್ಷಣ ಆ ಪ್ರಶ್ನೆ ಬಂತು, ಒಂದೇ ಕ್ಷಣ. ಗೊತ್ತಿದ್ದ ಮನುಷ್ಯ ತನ್ನ ಹೆಂಡತಿ ಸೊಸೆಯನ್ನು ಅದರಲ್ಲಿ ಕೂರಿಸಿಕೊಂಡು ತಿರುಗುತ್ತಿರಲಿಲ್ಲ. ಅವರು ಇದನ್ನು ಮೂರು ವರ್ಷದ ಹಿಂದೆ ಹೊರಜಿಲ್ಲೆಯ ಒಬ್ಬ ದಲ್ಲಾಳಿಯಿಂದ ಕೊಂಡಿದ್ದರೆಂದು ನನಗೆ ನೆನಪಿತ್ತು. ಹಾಗಾದರೆ ನಾನು ಸುಮ್ಮನೆ ನಯವಾಗಿ ಬೇಡವೆಂದು ಜಾರಿಕೊಂಡರೆ ಸಾಕು ಎಂದು ಲೆಕ್ಕ ಹಾಕಿದೆ. ಬೀಗತನ ಉಳಿಯುತ್ತದೆ, ಮಾಸ್ತರರ ವೇಷ ಬಯಲಾಗುವುದಿಲ್ಲ, ನನ್ನ ಜೀವವೂ ಉಳಿಯುತ್ತದೆ. ಲೆಕ್ಕ ಸರಿಯಾಗಿದೆ ಎಂದು ಅನ್ನಿಸಿತು.

ಚಹಾ ಬಂತು. ಗಾಡಿ ಬಹಳ ಚೆಂದ ಇದೆ, ಆದರೆ ಹೊಸದಾಗಿ ಕಲಿತ ನನ್ನ ಕೈಗೆ ಸ್ವಲ್ಪ ದೊಡ್ಡದಾಯಿತೇನೋ ಎಂದು ಮಾಸ್ತರರು ಹೇಳುತ್ತಿದ್ದಾರೆ, ಸದ್ಯಕ್ಕೆ ಬೇಡವೇನೋ ಎಂದೆ. ಮಗಳ ಮುಖ ಬಾಡಿತು. ಬೀಗರ ಮುಖ ಬಾಡಲಿಲ್ಲ. ಅವರು ಬಟ್ಟಲಿನ ಚಹಾ ಪೂರ್ತಿ ಕುಡಿದು ಕೆಳಗಿಟ್ಟರು.

"ಬ್ಯಾಡಂದ್ರ ಬಿಡ್ರಿ, ಅದಕ್ಕೇನ. ಇದನ್ನ ನಿಮ್ಮ ಮಗಳಿಗೇ ಇಟ್ಟಬಿಡ್ತೀನಿ. ವಿಜಾಪುರಕ ದವಾಖಾನಿಗೆ ಹೋಗೂದು ಬರೂದು ಇದರಾಗ ಆಗಲಿ. ಹೊಸಾ ಗಾಡಿ ಹುಡುಗ ತೋಟಕ್ಕ ಹೊಡಕೋಲಿ."

ನಾನು ಬಾಯಿ ತೆರೆಯುವ ಮೊದಲೇ ಅವರು ಎದ್ದರು. ಪೂಜೆಯಾದ ಗಾಡಿಯನ್ನು ಗುಡಿಗೆ ಒಯ್ದು ಕೈಮುಗಿಸಿ ತರಬೇಕು, ಹೊತ್ತಾಗುತ್ತದೆ ಎಂದರು. ಪರೀಕ್ಷಕರು ಆಗಲೇ ಸೀಟನ್ನು ಮೊದಲಿನಂತೆ ಕೂಡಿಸಿ ಚಾಪೆ ಹಾಸಿದ್ದರು. ಬೀಗತಿ ಸೆರಗು ಸರಿಮಾಡಿಕೊಂಡು ಹಿಂದೆ ಹತ್ತಿದರು. ನನ್ನ ಮಗಳು ಒಂದು ಕೈಯಿಂದ ಸೊಂಟ ಹಿಡಿದುಕೊಂಡು, ಇನ್ನೊಂದು ಕೈಯಿಂದ ಬಾಗಿಲು ಹಿಡಿದು, ಮೆಲ್ಲಗೆ ಒಳಗೆ ಕುಳಿತಳು. ಕುಳಿತದ್ದು ಆ ಸೀಟಿನ ನಟ್ಟನಡುವೆ. ನನಗೆ ಬಟ್ಟೆಯಾಗಲಿ ಸ್ಪಂಜಾಗಲಿ ಕಾಣಲಿಲ್ಲ. ಅದರ ಕೆಳಗಿನ ಆ ಉಬ್ಬು ಮಾತ್ರ ಕಂಡಿತು. ಬೀಗರು ಮುಂದೆ ಕುಳಿತು ಚಾವಿ ತಿರುಗಿಸಿದರು.

"ಇಳಿ," ಅಂದೆ.

"ಯಾಕ್ಬೇ ಯವ್ವಾ?"

"ಇಳಿ ನೀ. ಅತ್ತೀನೂ ಇಳಸು."

ಕನ್ನಡಿಯಲ್ಲಿ ಬೀಗರ ಕಣ್ಣು ನನ್ನ ಕಡೆ ತಿರುಗಿತು. ನಾನು ಅವರ ಕಿಟಕಿಯ ಬಳಿಗೆ ಹೋದೆ. ಕಿಟಕಿಯ ಅಂಚನ್ನು ಹಿಡಿದುಕೊಂಡೆ. ತರಗತಿಯಲ್ಲಿ ಲೆಕ್ಕ ಬಿಡಿಸಿ ಹೇಳುವಂತೆ ಒಂದೊಂದೇ ವಾಕ್ಯ ಹೇಳಿದೆ.

"ಇವರು ಡ್ರೈವಿಂಗ್ ಮಾಸ್ತರ ಅಲ್ರಿ. ಗಾಡಿ ಪರೀಕ್ಷಾ ಮಾಡಾವ್ರು. ನಾನ ಕರಕೊಂಡ ಬಂದೀನಿ. ಇದು ಒಂದ ಗಾಡಿ ಅಲ್ರಿ, ಎರಡ ಗಾಡಿ ಕೊಯ್ದು ಕೂಡಿಸ್ಯಾರ. ಕೂಡಿಸಿದ್ದು ನನ್ನ ಮಗಳು ಕುಂತಲ್ಲೇ ಐತಿ."

ಬೀಗರು ಎಂಜಿನ್ ಆರಿಸಿದರು. ಬೀಗತಿ, ಮಗಳು ಇಳಿದು ನನ್ನ ಪಕ್ಕ ನಿಂತರು. ಬೀಗರು ಇಳಿದು ಬಾಗಿಲು ಹಾಕಿ, ನನ್ನನ್ನು ಬಿಟ್ಟು ನೇರ ಪರೀಕ್ಷಕರ ಮುಂದೆ ಹೋಗಿ ನಿಂತರು. ಅವರ ದನಿ ಅಷ್ಟು ಸಣ್ಣದಾಗಬಲ್ಲದು ಎಂದು ನನಗೆ ಗೊತ್ತಿರಲಿಲ್ಲ.

"ನೀವು ಮಾಸ್ತರ ಅಲ್ಲೇನ್ರಿ?"

"ಅಲ್ರಿ ಯಜಮಾನ್ರ."

"ಮತ್ತ ಅಕ್ಕೋರಿಗೆ ಗಾಡಿ ಹೊಡಿಯೂದು ಯಾರ ಕಲಿಸ್ಯಾರ?"

"ನನಗೂ ತಿಳದಿಲ್ರಿ. ಬರೂ ಮುಂದ ಅವರ ಹೊಡದ್ರು, ನಾ ಬಾಜೂಕ ಕುಂತಿದ್ದೆ. ಆಗಿಂದ ಅದನ್ನ ವಿಚಾರ ಮಾಡಾಕತ್ತೀನಿ."

ಮಗಳು ನಕ್ಕುಬಿಟ್ಟಳು. ನಗಬಾರದ ಹೊತ್ತಿನಲ್ಲಿ ಬಂದ ನಗೆ, ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಬೀಗರು ನಗಲಿಲ್ಲ. ತೋರಿಸಿ ಎಂದರು. ಪರೀಕ್ಷಕರು ಕನ್ನಡಿಯ ಕೋಲು ತೆಗೆಯಹೋದರೆ ಕನ್ನಡಿ ಬೇಡ, ಕಣ್ಣಿಂದಲೇ ನೋಡುತ್ತೇನೆ ಎಂದರು. ಪೂಜೆಗೆಂದು ಉಟ್ಟ ಅಚ್ಚ ಬಿಳಿಯ ಧೋತರ, ಗರಿಗರಿಯಾದ ನೆಹರೂ ಶರ್ಟು. ಅವನ್ನು ಉಟ್ಟುಕೊಂಡೇ ಆ ದೊಡ್ಡ ಮನುಷ್ಯ ಹಸಿ ಸೆಗಣಿಯ ಅಂಗಳದ ಮೇಲೆ ಅಂಗಾತ ಮಲಗಿ ಗಾಡಿಯ ಕೆಳಗೆ ಸರಿದರು. ಇಸ್ತ್ರಿ ಶರ್ಟಿನ ಪರೀಕ್ಷಕರೂ ಪಕ್ಕದಲ್ಲಿ ಸರಿದರು. ನಮ್ಮ ಮೂವರು ಹೆಂಗಸರಿಗೆ ಎರಡು ಜೊತೆ ಪಾದಗಳು ಮಾತ್ರ ಕಾಣುತ್ತಿದ್ದವು. ಕೆಳಗಿನಿಂದ ಮಾತು ಕೇಳುತ್ತಿತ್ತು. ಇದೇನಾ ಎಂದು ಒಂದು ದನಿ, ಹೌದೆಂದು ಇನ್ನೊಂದು. ಎಲ್ಲಿಯವರೆಗೆ ಎಂದರೆ, ಈ ಬಾಜುದಿಂದ ಆ ಬಾಜುತನಕ ಎಂಬ ಉತ್ತರ. ಪರೀಕ್ಷಕರು ಹೊರಗೆ ಬಂದ ಮೇಲೂ ಬೀಗರು ಕೆಳಗೇ ಇದ್ದರು. ಟಾರ್ಚಿನ ಬೆಳಕು ಅತ್ತಿಂದಿತ್ತ ಹರಿದಾಡುತ್ತಿತ್ತು.

ನಾನು ಅವರ ಕೋಪಕ್ಕೆ ಸಿದ್ಧಳಾಗಿ ನಿಂತಿದ್ದೆ. ಪರೀಕ್ಷಕನನ್ನು ವೇಷ ಹಾಕಿಸಿ ಬೀಗರ ಮನೆಗೆ ಕರೆತಂದವಳು, ಪೂಜೆಯ ದಿನ, ಸೊಸೆಯ ಎದುರು ಮನೆಯ ಯಜಮಾನನ ಗಾಡಿಯನ್ನು ಹೀಗಳೆದವಳು. ಅವರು ಏನು ಅಂದರೂ ಅನ್ನಿಸಿಕೊಳ್ಳಬೇಕು, ಮಗಳು ಹೊರಗಿದ್ದಾಳೆ, ಅಷ್ಟು ಸಾಕು ಎಂದುಕೊಂಡೆ.

ಅವರು ಎದ್ದು ಬಂದಾಗ ಬೆನ್ನೆಲ್ಲ ಸೆಗಣಿ. ಕಟ್ಟೆಯ ಮೇಲೆ ಕುಳಿತರು.

"ಹ್ವಾದ ತಿಂಗಳ ಇದರಾಗ ಪಂಢರಪುರಕ ಹೋಗಿದ್ವಿ," ಎಂದರು. "ಎಲ್ಲಾರೂ ಇದ್ವಿ. ರಸ್ತಾ ಛಲೋ ಐತಿ ಅಂತ ನಾ ಜೋರ ಹೊಡದೀನಿ."

ಅಷ್ಟು ಹೇಳಿ ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. ಆಗ ಮಾತಾಡಿದವರು ಬೀಗತಿ.

"ನಾ ಹೇಳಲಿಲ್ಲೇನು? ಬ್ರೇಕ್ ಹಾಕಿದಾಗೊಮ್ಮೆ ಹಿಂದ ಕುಂತಾವ್ರಿಗೆ ಕಟ್ ಕಟ್ ಅಂತ ಕೇಳಸತೈತಿ ಅಂತ. ನೀವ ಏನಂದ್ರಿ? ಅದು ನಿನ್ನ ಮೊಣಕಾಲಂದ್ರಿ."

ಈ ಸಲ ಬೀಗರಿಗೂ ನಗೆ ಬಂತು. ನಗುತ್ತಲೇ ಅವರು ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ. ನಾನು ಏನೋ ಕ್ಷಮೆಯ ಮಾತು ಆರಂಭಿಸಿದೆ. ಅವರು ಕೈ ಎತ್ತಿ ನಿಲ್ಲಿಸಿದರು. ಗಾಡಿ ಕೊಳ್ಳಲು ಬಂದವರು ಬೇಡವೆಂದು ಹೋಗಿದ್ದರೆ ತಾನು ಏನೂ ಕೇಳುತ್ತಿರಲಿಲ್ಲ, ಮುಂದಿನ ವಾರ ಸೊಸೆಯನ್ನು ಇದರಲ್ಲೇ ದವಾಖಾನೆಗೆ ಒಯ್ಯುತ್ತಿದ್ದೆ ಎಂದರು. ಅದನ್ನು ನನಗಲ್ಲ, ತಮಗೇ ಹೇಳಿಕೊಂಡಂತೆ ಹೇಳಿದರು. ಆಮೇಲೆ ಪರೀಕ್ಷಕರನ್ನು ಇದಕ್ಕೆ ಮದ್ದು ಏನು ಎಂದು ಕೇಳಿದರು. ಮದ್ದಿಲ್ಲ, ಗುಜರಿಗೆ ಹಾಕಬೇಕು, ಅದೂ ಮೊದಲು ಕೊಯ್ಯಿಸಿ, ಇಲ್ಲದಿದ್ದರೆ ಮತ್ತೆ ಯಾರಿಗಾದರೂ ಮಾರಿಬಿಡುತ್ತಾರೆ ಎಂದರು ಪರೀಕ್ಷಕರು. ಮಾರಿದ ದಲ್ಲಾಳಿಯ ಮೇಲೆ ದೂರು ಕೊಡಬಹುದು, ತಾವು ನೋಡಿದ್ದನ್ನು ಬರೆದು ಸಹಿ ಮಾಡಿಕೊಡುವುದಾಗಿಯೂ ಹೇಳಿದರು.

ಗಾಡಿಯನ್ನು ಇನ್ನೊಮ್ಮೆ ಶುರು ಮಾಡಲು ಬೀಗರು ಒಪ್ಪಲಿಲ್ಲ. ಗೇಟಿನಿಂದ ಒಣದ್ರಾಕ್ಷಿಯ ಶೆಡ್ಡಿನವರೆಗೆ ತಳ್ಳಿಕೊಂಡೇ ಹೋಗುವುದೆಂದಾಯಿತು. ಬೀಗರು, ಪರೀಕ್ಷಕರು, ನಾನು, ಮೊಣಕಾಲಿನ ಬೀಗತಿ, ನಾಲ್ವರೂ ತಳ್ಳಿದೆವು. ಮಗಳು ಕೈ ಹಚ್ಚಲು ಬಂದಳು, ನಾಲ್ವರೂ ಒಟ್ಟಿಗೆ ಗದರಿದೆವು. ಶೆಡ್ಡಿನ ನೆರಳಿನಲ್ಲಿ ಗಾಡಿ ನಿಲ್ಲಿಸಿ ಬೀಗರು ಚಾವಿ ತೆಗೆದರು. ನನ್ನ ಕೈಗೆ ಬರಬೇಕಿದ್ದ ಚಾವಿಯನ್ನು ಸೊಸೆಯ ಕೈಗೆ ಕೊಟ್ಟರು.

"ಯಾರ ಕೇಳಿದ್ರೂ ಕೊಡಬ್ಯಾಡವಾ. ನಿನ್ನ ಗಂಡ ಕೇಳಿದ್ರೂ ಕೊಡಬ್ಯಾಡ, ನಾ ಕೇಳಿದ್ರೂ ಕೊಡಬ್ಯಾಡ."

ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಗುಡಿಗೆ ಹೋಗುವುದು ಉಳಿದಿತ್ತು. ಬೀಗರು ಬಟ್ಟೆ ಬದಲಿಸಿ ಬಂದರು, ಎಲ್ಲರೂ ನಡೆದೇ ಹೊರಟೆವು. ಮುಂದೆ ಬೀಗರು ಮತ್ತು ಪರೀಕ್ಷಕರು. ಬೀಗರ ದನಿ ಮತ್ತೆ ಮೊದಲಿನ ಗಾತ್ರಕ್ಕೆ ಬಂದಿತ್ತು. ಅಕ್ಕೋರಿಗೆ ಒಂದು ಒಳ್ಳೆಯ ಗಾಡಿ ಹುಡುಕಬೇಕು, ನೋಡಲು ಹೋಗುವಾಗ ತಾನೂ ಬರುತ್ತೇನೆ, ತನ್ನನ್ನೂ ಮಾಸ್ತರ ಎಂದೇ ಹೇಳಿರಿ ಎನ್ನುತ್ತಿದ್ದರು. ಪರೀಕ್ಷಕರು ಯಾವ ಯಾವ ಗಾಡಿ ನೋಡಬಹುದು ಎಂದು ಉತ್ಸಾಹದಿಂದ ಹೇಳುತ್ತಿದ್ದರು. ಇಬ್ಬರೂ ದಾರಿಯ ಬದಿಗೆ ನಿಂತಿದ್ದ ಪ್ರತಿಯೊಂದು ಕಾರನ್ನೂ ಬಗ್ಗಿ ಬಗ್ಗಿ ನೋಡುತ್ತ ಹೋದರು. ಅವುಗಳ ಮಾಲೀಕರು ನಮ್ಮನ್ನು ವಿಚಿತ್ರವಾಗಿ ನೋಡಿದರು.

ಹಿಂದೆ ನಾನು, ಬೀಗತಿ, ನಡುವೆ ಮಗಳು. ದಾರಿಯಲ್ಲಿ ತಗ್ಗುಗಳಿದ್ದವು. ಪ್ರತಿ ತಗ್ಗು ಬಂದಾಗ ಬೀಗತಿ ಒಂದು ಕಡೆಯಿಂದ, ನಾನು ಇನ್ನೊಂದು ಕಡೆಯಿಂದ ಅವಳ ತೋಳು ಹಿಡಿದೆವು. ಬಿಡಿ, ನಾನು ನಡೆಯಬಲ್ಲೆ ಎಂದು ಅವಳು ಗೊಣಗಿದಳು. ನಾವು ಬಿಡಲಿಲ್ಲ.